ಎದುರು ತಂಡದಲ್ಲಿ ಸಾನಿಕಾ

ಮುಂಬೈಯ ಚೆಂಬೂರಿನಲ್ಲಿ ತನ್ನ ಕಾಲೊನಿಯ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದ ಮಲ್ಲೇಶಿ ಬಿರಾದಾರ, ಮಗಳ ವಿಷಯದಲ್ಲಿ ಬಲು ಕಟ್ಟುನಿಟ್ಟು. ಕೋಚ್ ಸ್ವಂತ ಮಗಳನ್ನೇ ಮುಂದೆ ತರುತ್ತಾನೆಂದು ಬಿಲ್ಡಿಂಗಿನವರು ಆಡಿಕೊಳ್ಳಬಾರದೆಂದು, ಹದಿಮೂರರ ಸಾನಿಕಾಳನ್ನು ಪ್ರತಿ ಮ್ಯಾಚಿನಲ್ಲೂ ಬೆಂಚಿನ ಮೇಲೆ ಕೂರಿಸುತ್ತಿದ್ದ. ಪ್ರಾಕ್ಟೀಸಿನಲ್ಲಿ ಚೆಂಡು ಹೆಕ್ಕಿ ಕೊಡುವುದು, ಬಾಟಲಿಗೆ ನೀರು ತುಂಬುವುದು ಅವಳ ಕೆಲಸ.

ಆ ಭಾನುವಾರ ಗೋರೆಗಾಂವಿನಲ್ಲಿ ಅಲ್ಲಿಯ ತಂಡದ ಮೇಲೆ ಮ್ಯಾಚು. ಸಾನಿಕಾ ಹಿಂದಿನ ದಿನವೇ ಅಲ್ಲಿದ್ದ ಸೋದರತ್ತೆಯ ಮನೆಗೆ ಹೋಗಿದ್ದಳು. ಮಲ್ಲೇಶಿ ತನ್ನ ತಂಡದೊಂದಿಗೆ ಬಂದು ನೋಡಿದರೆ ಅವಳು ಗೋರೆಗಾಂವಿನವರ ಹಸಿರು ಜರ್ಸಿ ತೊಟ್ಟು ನಿಂತಿದ್ದಳು. ಅವನು ನೇರ ಅವಳ ಬಳಿಗೆ ಹೋದ.

"ಏನವಾ ಇದು? ಮೊದಲ ಆ ಜರ್ಸಿ ತಗಿ."

"ತಗ್ಯಾಂಗಿಲ್ಲ ಪಪ್ಪಾ. ಇಲ್ಲೆ ನನ್ನ ಆಡಸ್ತಾರ. ಶನಿವಾರಕ್ಕೊಮ್ಮೆ ಅತ್ತಿ ಮನಿಗೆ ಬರೋದು ಯಾಕಂತ ಮಾಡೀರಿ?"

"ಮಂದಿ ಏನಂದಾರು?"

"ನಿಮ್ಮ ಮಂದೀನ ನೀವ ಕೇಳ್ಕೋರಿ."

ಅವಳು ತಿರುಗಿ ತನ್ನ ತಂಡದತ್ತ ಓಡಿದಳು. ಚೆಂಬೂರಿನ ಕ್ಯಾಪ್ಟನ್ ನಿಖಿತಾ ಶೂ ಲೇಸು ಬಿಗಿಯುತ್ತ ಕೇಳಿದಳು: "ಅಂಕಲ್, ಸಾನಿಕಾನ ನಾನು ಮಾರ್ಕ್ ಮಾಡಿ ತಡೀತೇನೆ. ಅವಳು ರೈಟಿಂದ ಹೋಗುದಾ, ಲೆಫ್ಟಿಂದಾ?"

ಉಳಿದ ಹುಡುಗಿಯರ ಒಂದೊಂದು ಹೆಜ್ಜೆಯೂ ಮಲ್ಲೇಶಿಗೆ ಬಾಯಿಪಾಠ. ಮಗಳು ಆಡಿದ್ದನ್ನು ಮಾತ್ರ ಅವನು ಒಮ್ಮೆಯೂ ನೋಡಿರಲಿಲ್ಲ.

"ಗೊತ್ತಿಲ್ಲ," ಎಂದ.

"ನಿಮ್ಮದೇ ಮಗಳಲ್ವಾ ಅಂಕಲ್?"

ರೆಫ್ರಿ ಸೀಟಿ ಊದಿದ. ಸಾನಿಕಾ ಚೆಂಡನ್ನು ಎಡಗೈಯಲ್ಲಿ ಪುಟಿಸುತ್ತ ನಿಖಿತಾಳನ್ನು ದಾಟಿ ಹೋದಳು. ತನ್ನ ತಂಡಕ್ಕೆ ಕೂಗಿ ಹೇಳುವುದನ್ನು ಮರೆತು ಮಲ್ಲೇಶಿ ಬಾಯಿ ತೆರೆದು ನೋಡುತ್ತ ನಿಂತ.