ಎಲೆ ಯಾವ ಬಕೆಟ್ಟಿಗೆ

ಪದ್ಮಿನಿಯನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ಶಿವರತ್ನಮ್ಮ ಒಳಗೊಂದು ಹೊರಗೊಂದು ಇಟ್ಟುಕೊಂಡಿದ್ದಳು ಎಂದು ಯಾರೂ ಅನ್ನಬಾರದು. ಅವಳು ಪಂಚಾಯ್ತಿಯ ಕಸದ ಗಾಡಿ ಓಡಿಸುತ್ತಾಳೆ. ಬೆಳಿಗ್ಗೆ ಏಳೂವರೆಗೆ ಹೊನ್ನೂರಿನ ನಮ್ಮ ಬೀದಿಗೆ ಆ ಗಾಡಿ ಹಾಡು ಹಾಕಿಕೊಂಡು ಬಂದರೆ, ಶಿವಪೂಜೆಗೆ ಕೂತ ನನಗೆ ನನ್ನ ಬಾಯಿಯ ಮಾತೇ ಕೇಳಿಸುವುದಿಲ್ಲ. ಬಾಗಿಲ ಮುಂದೆ ಗಾಡಿ ನಿಲ್ಲಿಸಿ, ಸೀಟಿನಿಂದ ಇಳಿಯದೆ ಕೂಗುತ್ತಾಳೆ, "ಅಮ್ಮಾರೆ, ಅಸಿ ಕಸ ಅಸಿರು ಬಕೆಟ್ಟು, ಒಣ ಕಸ ನೀಲಿ ಬಕೆಟ್ಟು."

ಅವಳ ಅತ್ತೆ ನಮ್ಮ ಗದ್ದೆಯಲ್ಲಿ ನಾಟಿ ಹಾಕಿದವಳು. ಹಿತ್ತಲ ಬಾಗಿಲಿಗೆ ಬಂದು ಊಟ ಈಸಿಕೊಂಡು ಹೋಗುತ್ತಿದ್ದಳು, ತಲೆ ಎತ್ತಿ ಮಾತಾಡಿದ್ದನ್ನು ನಾನು ನೋಡಿಲ್ಲ. ಸೊಸೆ ಮುಂಬಾಗಿಲಿಗೇ ಬಂದು ನನಗೆ ಬಣ್ಣ ಹೇಳಿಕೊಡುತ್ತಾಳೆ.

ಎರಡು ಬಕೆಟ್ಟಿನ ಜೊತೆ ಅವಳು ಒಂದು ಚೀಟಿಯನ್ನೂ ಕೊಟ್ಟಿದ್ದಳು. ಪರಿಸರ ಉಳಿಸಲು ಮನೆಯಲ್ಲೇ ಮಾಡಬಹುದಾದ ಸಣ್ಣಪುಟ್ಟ ಕೆಲಸಗಳಂತೆ. ಓದಿ ನನ್ನ ಮೈ ಉರಿದುಹೋಯಿತು. ನಮ್ಮ ಮನೆಯಲ್ಲಿ ಕಸ ಅಂತ ಒಂದಿತ್ತೇ? ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕಿದ ಅನ್ನ ಎಲ್ಲವೂ ಕಲಗಚ್ಚಿನ ಬಾನಿಗೆ ಬಿದ್ದು ನಮ್ಮ ಚುಕ್ಕಿಯ ಹೊಟ್ಟೆ ಸೇರುತ್ತಿತ್ತು. ಚುಕ್ಕಿಯ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಗದ್ದೆಗೆ. ಬಚ್ಚಲ ನೀರು ಹಿತ್ತಲ ಬಾಳೆಗೆ. ತೆಂಗಿನ ಮಟ್ಟೆ ನೀರೊಲೆಗೆ, ಅದರ ಬೂದಿ ಪಾತ್ರೆ ಬೆಳಗಲು. ನನ್ನ ಹಳೇ ಸೀರೆ ಮೊದಲು ತೊಟ್ಟಿಲಿಗೆ, ಆಮೇಲೆ ಮಸಿಬಟ್ಟೆಗೆ. ನಲವತ್ತು ವರ್ಷ ಹೀಗೆ ಸಂಸಾರ ಮಾಡಿದವಳಿಗೆ ಮೂರು ದಿನ ತರಬೇತಿ ಮುಗಿಸಿ ಬಂದವಳು ಬುದ್ಧಿ ಹೇಳುತ್ತಾಳೆ. ಹಸಿರು ಬಕೆಟ್ಟನ್ನು ಅವತ್ತೇ ಹಿತ್ತಲಲ್ಲಿ ಬೋರಲು ಹಾಕಿದೆ.

ಚುಕ್ಕಿ ಬರೀ ಹಸುವಲ್ಲ. ನನ್ನ ತವರು ಶಾಗ್ಯದಿಂದ ನಮ್ಮಣ್ಣ ಕರುವಾಗಿದ್ದಾಗ ತಂದುಕೊಟ್ಟದ್ದು. ಯಜಮಾನರು ತೀರಿಕೊಂಡ ಮೇಲೆ ನಾನು ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುತ್ತಿದ್ದದ್ದು ಅದು ಕೊಟ್ಟಿಗೆಯಲ್ಲಿ ಕೂಗುತ್ತದಲ್ಲ ಎಂಬುದಕ್ಕೆ, ಬೇರೆ ಯಾವುದಕ್ಕೂ ಅಲ್ಲ. ಈ ಸಲ ಅದು ಏಳು ತಿಂಗಳ ಗಬ್ಬವಾಗಿತ್ತು. ಸಾಯಂಕಾಲ ಅದರ ಹೊಟ್ಟೆಗೆ ಅಂಗೈ ಇಟ್ಟರೆ ಒಳಗಿನ ಕರು ಒದೆಯುತ್ತಿತ್ತು. ಆಗ ನನಗೆ ನಗು ಬರುತ್ತಿತ್ತು, ನೋಡುವವರು ಯಾರೂ ಇಲ್ಲದಿದ್ದರೂ.

ಯುಗಾದಿಗೆ ಮುಂಚೆ ಯಜಮಾನರ ವರ್ಷದ ಗಣಾರಾಧನೆ ಬಂತು. ಮುನ್ನೂರು ಜನರ ಊಟ. ಅಷ್ಟು ಎಲೆ ಕೊಯ್ದರೆ ಹಿತ್ತಲ ಬಾಳೆ ಬೋಳಾಗುತ್ತದೆ ಎಂದು ನಾನೇ ಬೇಡವೆಂದೆ. ಮಗ ಬಸವೇಶ ಕೊಳ್ಳೇಗಾಲದಿಂದ ಎಲೆಯ ಕಟ್ಟುಗಳನ್ನು ತಂದ. ಹಸಿರು ಅಂದರೆ ಹಸಿರು, ನಡುವೆ ದಿಂಡು, ಎರಡೂ ಕಡೆ ಗೀರು ಗೀರು.

"ನೋಡವ್ವ, ನರ ಸಮೇತ ಅದೆ," ಅಂದ. "ಅರಿಯಕಿಲ್ಲ, ಸಾರು ಸೋರಕಿಲ್ಲ."

"ಏನ್ಲಾ ಇದು?"

"ಕಾಗ್ದದ ಎಲೆ ಕಣವ್ವ. ಈಗೆಲ್ರೂ ಇದ್ನೇ ಆಕದು."

ಊಟ ಚೆನ್ನಾಗಿ ಆಯಿತು. ಮಾರನೆ ಬೆಳಿಗ್ಗೆ ಮೂರು ಮಂಕರಿ ತುಂಬ ಎಂಜಲೆಲೆ ಉಳಿದಿತ್ತು. ಬೋರಲು ಹಾಕಿದ್ದ ಹಸಿರು ಬಕೆಟ್ಟನ್ನು ಮೊದಲ ಸಲ ತಿರುಗಿಸಿ, ತುಂಬುವಷ್ಟು ತುಂಬಿ, ಮಂಕರಿಗಳನ್ನು ಪಕ್ಕದಲ್ಲಿಟ್ಟೆ. ನಿನ್ನ ಮಾತು ಕೇಳಿದೆನಲ್ಲ, ತೆಗೆದುಕೊಂಡು ಹೋಗು ಎಂಬುದು ನನ್ನ ಮನಸ್ಸಿನಲ್ಲಿತ್ತು.

ಪದ್ಮಿನಿ ಬಂದಳು. ಸೀಟಿನಿಂದಲೇ ಬಗ್ಗಿ ಬಕೆಟ್ಟಿನ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು.

"ಇದು ಅಸಿ ಕಸ ಅಲ್ಲ ಅಮ್ಮಾರೆ."

"ಎಲೆ ಅಸಿ ಕಸ ಅಲ್ದೆ ಇನ್ನೇನಮ್ಮಿ? ನೀನೇ ಕೊಟ್ಟಿರೋ ಚೀಟೀಲಿ ಬರ್ದದೆ ನೋಡ್ಕೋ. ಸಿಪ್ಪೆ, ಮಿಕ್ಕಿದ್ ಊಟ, ಎಲೆ."

"ಅದು ಗಿಡದೆಲೆ. ಇದು ಎಲೆ ಅಲ್ಲ."

ಅವತ್ತು ಅವಳು ಗಾಡಿಯಿಂದ ಇಳಿದಳು. ಒಂದು ಎಲೆಯ ಮೂಲೆ ಹರಿದು ಉಗುರಿನಿಂದ ಕೆರೆದಳು. ಕಾಯಿಸಿದ ಹಾಲಿನ ಕೆನೆಯಂಥ ತೆಳ್ಳನೆಯ ಪೊರೆ ಬಿಟ್ಟುಕೊಂಡಿತು. ಅದನ್ನು ನನ್ನ ಮುಖದ ಮುಂದೆ ಹಿಡಿದು ಹೇಳಿದಳು, "ಸಾರು ಸೋರಕಿಲ್ಲ ಅಂತಾರಲ್ಲ, ಇದ್ಕೇಯ. ಪ್ಲಾಸ್ಟಿಕ್ ಅಂಟ್ಸವ್ರೆ. ಗೊಬ್ಬರದ್ ಗುಂಡೀಲಿ ಕೊಳಿಯಾಕಿಲ್ಲ. ತೊಳ್ದು ನೀಲಿ ಬಕೆಟ್ಟಿಗಾಕಿ ಮಡಗಿ, ನಾಳಿಕ್ಕೆ ತಕಂಡೋಯ್ತೀನಿ."

ತೊಳೆದು! ಮುನ್ನೂರು ಜನರ ಎಂಜಲೆಲೆಯನ್ನು ನಾನು ತೊಳೆಯಬೇಕಂತೆ, ಅದೂ ಅವಳ ಕೈಗೆ ಕೊಡಲಿಕ್ಕೆ. ಬೀದಿಯಲ್ಲಿ ನಾಲ್ಕು ಜನ ನಿಂತು ನೋಡುತ್ತಿದ್ದರು. ಒಬ್ಬನಂತೂ ಹಲ್ಲುಜ್ಜುವುದನ್ನೇ ಮರೆತು ಬಾಯಲ್ಲಿ ಬ್ರಷ್ಷಿಟ್ಟುಕೊಂಡು ನಿಂತಿದ್ದ.

"ತಕಂಡೋಗ್ದಿದ್ರೆ ಬುಡು," ಅಂದೆ. "ನಮ್ಮನೆ ಊಟದೆಲೆ ಯಾವತ್ತೂ ದನುಕ್ಕೇ ಆಕದು. ನನ್ ಚುಕ್ಕಿ ತಿಂತಾಳೆ."

ಅವಳ ಮುಖ ಬದಲಾಯಿತು. "ದನುಕ್ಕೆ ಆಕ್ಬೇಡಿ ಅಮ್ಮಾರೆ. ಗಬ್ಬದ್ ದನ. ನಿಮ್ ದಮ್ಮಯ್ಯ ಅಂತೀನಿ."

"ನಮ್ ದನುಕ್ಕೆ ಏನಾಕ್ಬೇಕು ಅಂತ ನಿನ್ನ ಕೇಳ್ಬೇಕೇನೇ?"

ಅವಳು ದಮ್ಮಯ್ಯ ಅಂದದ್ದು ನನಗೆ ಬಹಳ ಹಿತವಾಗಿತ್ತು. ಸುಳ್ಳು ಯಾಕೆ ಹೇಳಲಿ. ಆ ಹಿತದಲ್ಲೇ ಒಂದು ಮಂಕರಿ ಹೊತ್ತುಕೊಂಡು ಹೋಗಿ, ಬೀದಿಗೆ ಕಾಣುವ ಕೊಟ್ಟಿಗೆಯ ಗೊಂತಿಗೆ ಸುರಿದೆ. ಚುಕ್ಕಿ ಎಲೆಗೆ ಮೆತ್ತಿದ್ದ ಪಾಯಸ ನೆಕ್ಕಿ, ಎಲೆಯನ್ನೂ ಎಳೆದು ಅಗಿಯಿತು. ಪದ್ಮಿನಿ ಸ್ವಲ್ಪ ಹೊತ್ತು ನೋಡಿ ಗಾಡಿ ಹತ್ತಿ ಹೋದಳು. ಬಕೆಟ್ಟಿನದ್ದನ್ನೂ ಉಳಿದ ಎರಡು ಮಂಕರಿಯನ್ನೂ ಮತ್ತೆರಡು ದಿನದಲ್ಲಿ ಹಾಕಿ ಮುಗಿಸಿದೆ. ಕಾಗದ ತಾನೆ, ಬಸ್ ಸ್ಟ್ಯಾಂಡಿನ ದನಗಳು ಗೋಡೆಯ ಪೋಸ್ಟರ್ ತಿಂದು ಬದುಕಿಲ್ಲವೇ ಎಂದುಕೊಂಡೆ.

ಅಷ್ಟಕ್ಕೂ ನನ್ನ ಸಿಟ್ಟು ಇಳಿಯಲಿಲ್ಲ. ಬಸವೇಶನಿಂದ ಪಂಚಾಯ್ತಿಗೆ ಒಂದು ಅರ್ಜಿ ಟೈಪ್ ಮಾಡಿಸಿದೆ. ಎಲೆಯು ಹಸಿ ಕಸವೆಂದು ತಿಳಿದಿದ್ದೂ ಒಯ್ಯಲು ನಿರಾಕರಿಸಿ, ಹಿರಿಯರೊಡನೆ ಉದ್ಧಟತನದಿಂದ ನಡೆದುಕೊಂಡ ಸದರಿ ಚಾಲಕಿಯನ್ನು ಕೆಲಸದಿಂದ ತೆಗೆಯಬೇಕು ಎಂದು ಅದರಲ್ಲಿತ್ತು. ಕೆಳಗೆ ದೊಡ್ಡದಾಗಿ ಸಹಿ ಹಾಕಿದೆ. ಪಿಡಿಒ ಅವಳನ್ನು ಕರೆಸಿ ಅದನ್ನು ಓದಿ ಹೇಳಿ, ಉತ್ತರ ಬರೆದುಕೊಡು ಅಂದರಂತೆ. ಆಮೇಲೆ ಅವಳ ಗಾಡಿ ನಮ್ಮ ಬಾಗಿಲಲ್ಲಿ ನಿಲ್ಲುತ್ತಿತ್ತು, ಅವಳು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಹದಿನೈದು ದಿನಕ್ಕೆ ಚುಕ್ಕಿ ಹುಲ್ಲು ಬಿಟ್ಟಿತು. ಎಡಪಕ್ಕೆ ಉಬ್ಬಿಕೊಂಡು ಬಿಗಿಯಾಯಿತು. ಓಮ, ಇಂಗು ಅರೆದು ಎಳ್ಳೆಣ್ಣೆಯಲ್ಲಿ ಕುಡಿಸಿದೆ. ಇಳಿಯಲಿಲ್ಲ. ಅವತ್ತು ನಿಂತು ನೋಡಿದವಳ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಮೆಣಸಿನಕಾಯಿ ಘಾಟು ಬರಲಿಲ್ಲ. ನೋಡು, ಎಂಥ ಕೆಟ್ಟ ಕಣ್ಣು ಅವಳದು ಎಂದು ಬಸವೇಶನಿಗೆ ಹೇಳಿದೆ. ಹೀಗೆ ಎರಡು ದಿನ ಕಳೆದೆ.

ಮೂರನೆಯ ದಿನ ಯಳಂದೂರಿನಿಂದ ದನದ ಡಾಕ್ಟರು ಪ್ರಭುಸ್ವಾಮಿ ಬಂದರು. ಪಕ್ಕೆ ಒತ್ತಿ ನೋಡಿ, "ಅಮ್ಮಾ, ಮೇವಿನ ಜೊತೆ ಬೇರೆ ಏನಾದ್ರೂ ಹಾಕಿದ್ರಾ?" ಎಂದು ಕೇಳಿದರು.

"ಏನಿಲ್ಲ ಸಾ," ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ಹೊಟ್ಟೆ ಕುಯ್ದು ನೋಡಬೇಕು, ತಡ ಆಗಿದೆ, ನನ್ನ ಕೈಲಾದ್ದು ಮಾಡ್ತೀನಿ ಅಂದರು. ಹಿತ್ತಲಲ್ಲಿ ಚುಕ್ಕಿಯನ್ನು ನಿಲ್ಲಿಸಿ ಕಟ್ಟಿ, ಸೂಜಿ ಚುಚ್ಚಿ, ಎಡಪಕ್ಕೆ ಕುಯ್ದರು. ಬಸವೇಶ ಮೂಗುದಾರ ಹಿಡಿದು ಮುಖ ತಿರುಗಿಸಿಕೊಂಡಿದ್ದ. ಡಾಕ್ಟರು ಭುಜದವರೆಗೆ ಕೈ ಹಾಕಿ ಎಳೆದರು. ಹಗ್ಗದ ಹಾಗೆ ಹೊಸೆದುಕೊಂಡದ್ದು ಬಂತು, ಇನ್ನೂ ಬಂತು. ಬಟ್ಟೆ ನೆನೆಸುವ ಟಬ್ಬು ತುಂಬಿತು. ಒಂದು ಉಂಡೆಯನ್ನು ಅವರು ನಲ್ಲಿಯ ಕೆಳಗೆ ಹಿಡಿದು ಬಿಡಿಸಿದರು.

ಕಾಗದ ಕರಗಿ ಹೋಗಿತ್ತು. ಪೊರೆ ಹಾಗೇ ಇತ್ತು, ಹಸಿರು ಬಣ್ಣ ಅದಕ್ಕೆ ಹಿಡಿದುಕೊಂಡಿತ್ತು, ನರ ಸಮೇತ.

"ಏನಿಲ್ಲ ಅಂದ್ರಿ," ಅಂದರು ಡಾಕ್ಟರು.

ಹೊಲಿಗೆ ಹಾಕಿ ಮುಗಿಸುವ ಹೊತ್ತಿಗೆ ಚುಕ್ಕಿ ಕುಸಿದು ಕೂತಿತು. ನಾನು ಪಕ್ಕದಲ್ಲಿ ಕೂತು ಕತ್ತಿನ ಕೆಳಗಿನ ಗಂಗೆದೊಗಲು ಸವರಿದೆ. ಅದು ನನ್ನ ಕೈ ನೆಕ್ಕಿತು. ನಾನು ಹಾಕಿದ್ದನ್ನು ತಿಂದದ್ದಕ್ಕೆ ಹೀಗಾಯಿತು ಎಂದು ಅದಕ್ಕೆ ಗೊತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲೇ ಕತ್ತು ಚಾಚಿತು. ಹೊಟ್ಟೆಗೆ ಅಂಗೈ ಇಟ್ಟೆ. ಕರು ಒಂದು ಸಲ ಒದೆಯಿತು, ಮತ್ತೊಂದು ಸಲ ಒದೆಯಿತು, ಆಮೇಲೆ ನಿಂತಿತು. ನಾನು ಅತ್ತೆ. ಯಜಮಾನರು ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ನಮ್ಮ ಮಾವನ ಕಾಲದಲ್ಲಿ ದನ ಸತ್ತರೆ ಪದ್ಮಿನಿಯವರ ಬೀದಿಗೆ ಹೇಳಿ ಕಳಿಸಿದರೆ ಸಾಕಿತ್ತು, ಬಂದು ಎಳೆದುಕೊಂಡು ಹೋಗುತ್ತಿದ್ದರು. ಈಗ ಯಾರೂ ಬರುವುದಿಲ್ಲ, ಕರೆಯುವ ಮುಖ ನನಗೂ ಇರಲಿಲ್ಲ. ಬಸವೇಶ ಮಾರನೆಯ ದಿನ ಜೆಸಿಬಿ ತರಿಸಿ ತೆಂಗಿನ ತೋಟದ ಬದುವಿನಲ್ಲಿ ಗುಂಡಿ ತೆಗೆಸಿದ.

"ಆ ಟಬ್ಬಲ್ಲಿರೋದ್ನೂ ಗುಂಡಿಗೇ ಆಕ್ಬುಡವ್ವ," ಅಂದ.

"ಮಣ್ಣಲ್ಲೂ ಕೊಳಿಯಾಕಿಲ್ಲ ಕಣ್ಲಾ ಅದು," ಅಂದೆ. ಅಂದ ಮೇಲೆ ಅದು ಯಾರ ಮಾತೆಂದು ನೆನಪಾಯಿತು.

ಅವತ್ತು ಮಧ್ಯಾಹ್ನ ಒಗೆಯುವ ಕಲ್ಲಿನ ಹತ್ತಿರ ಕೂತು ಒಂದೊಂದನ್ನೇ ಬಿಡಿಸಿ ತೊಳೆದೆ. ಸೊಸೆ ಭವ್ಯ ಸಹಾಯಕ್ಕೆ ಬಂದಳು, ಓಗು ಒಳಕ್ಕೆ ಎಂದು ಗದರಿದೆ. ವಾಸನೆ ಬೆರಳಿನಿಂದ ಹೋಗಲಿಲ್ಲ.

ಬೆಳಿಗ್ಗೆ ಗಾಡಿ ಬಂತು. ಟಬ್ಬನ್ನು ನಾನೇ ಹೊತ್ತುಕೊಂಡು ಮುಂಬಾಗಿಲಿಗೆ ಹೋದೆ. ನಾಲ್ಕು ಜನ ಅಲ್ಲೇ ಇದ್ದರು, ಊರಿಗೆಲ್ಲ ಸುದ್ದಿ ಗೊತ್ತಾಗಿತ್ತು.

"ಇದ ಯಾವುದ್ಕೆ ಆಕ್ಲಿ?" ಎಂದು ಕೇಳಿದೆ. ಅವಳನ್ನು ನಾನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಪದ್ಮಿನಿ ಟಬ್ಬಿನೊಳಗೆ ನೋಡಿದಳು. "ನೀವೇ ಏಳಿ ಅಮ್ಮಾರೆ. ಅರ್ಜೀಲಿ ಬರ್ದಿದ್ರಲ್ಲ, ಎಲೆ ಅಸಿ ಕಸ ಅಂತ."

"ಒಣ ಕಸ," ಅಂದೆ.

"ಕೇಳುಸ್ಲಿಲ್ಲ. ಆಡು ಓಡ್ತಾದೆ."

ಹಾಡು ನಿಲ್ಲಿಸುವ ಗುಂಡಿ ಅವಳ ಕೈಯ ಹತ್ತಿರವೇ ಇತ್ತು. ಅವಳು ಒತ್ತಲಿಲ್ಲ, ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಒಣ ಕಸ ಕಣೇ!" ಎಂದು ಕಿರುಚಿದೆ. ಬೀದಿಯ ಕೊನೆಯವರೆಗೂ ಕೇಳಿಸಿರಬೇಕು.

ಅವಳು ಇಳಿದು ಬಂದು ಟಬ್ಬಿಗೆ ಕೈ ಹಾಕಿದಳು. ಅವಳ ಬೆರಳು ನನ್ನ ಬೆರಳಿಗೆ ತಾಗಿತು. ಟಬ್ಬು ಭಾರವಿತ್ತು, ಇಬ್ಬರೂ ಕೈ ಬಿಡುವ ಹಾಗಿರಲಿಲ್ಲ. ಗಾಡಿಯ ನೀಲಿ ಪೆಟ್ಟಿಗೆಗೆ ಸುರಿದು ಖಾಲಿ ಟಬ್ಬು ಕೊಟ್ಟು ಸೀಟು ಹತ್ತಿದಳು. ಹೋದಳು ಅಂದುಕೊಂಡೆ. ಹೋಗಲಿಲ್ಲ.

"ನಾಳಿಂದ ಅಸಿ ಕಸಾನೂ ಮಡಗಿ ಅಮ್ಮಾರೆ," ಅಂದಳು. "ತಿನ್ನಾಕೆ ದನ ಇಲ್ವಲ್ಲ."

ಅರ್ಜಿ ವಾಪಸ್ ತರಲು ಬಸವೇಶನಿಗೆ ಹೇಳಿದ್ದೇನೆ. ಅವಳಿಗಾಗಿ ಅಲ್ಲ, ಅವಳನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಎಲೆ ಹಸಿ ಕಸ ಎಂದು ನಾನು ಸಹಿ ಹಾಕಿದ ಕಾಗದ ಆ ಆಫೀಸಿನಲ್ಲಿರುವುದು ನನಗೆ ಬೇಡ.

ಒಳಗೆ ಬಂದರೆ ಕಲಗಚ್ಚಿನ ಬಾನಿ ಎರಡು ದಿನದಿಂದ ತುಂಬಿ ಹುಳಿ ನಾರುತ್ತಿತ್ತು. ಹಿತ್ತಲಿಗೆ ಹೋಗಿ ಹಸಿರು ಬಕೆಟ್ಟು ತಂದು, ನೀರು ಬಸಿದು, ಸಿಪ್ಪೆಯನ್ನು ಅದಕ್ಕೆ ತುಂಬಿದೆ.