ಹಲ್ಲಲ್ಲಿ ಹಿಡಿದ ಮೀನು

ಸೊಹೇಲನ ಹೆಂಡತಿ ನೌರೀನ್ ಷರತ್ತು ಹಾಕುವುದರಲ್ಲಿ ಬ್ಯಾಂಕಿನವರನ್ನೂ ಮೀರಿಸುವವಳು. ಆರು ವರ್ಷದ ಮಗಳು ಶಿರೀನಳನ್ನು ಗಾಳ ಹಾಕಲು ಹೊಳೆಗೆ ಕರೆದುಕೊಂಡು ಹೋಗುತ್ತೇನೆಂದು ಅವನು ಬಾಯಿ ಬಿಟ್ಟ ದಿನದಿಂದಲೇ ಅವು ಶುರುವಾಗಿದ್ದವು. ಡ್ಯಾಮಿನಿಂದ ನೀರು ಬಿಟ್ಟಿರಬಾರದು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಮಗುವನ್ನು ನಿಲ್ಲಿಸಬಾರದು. ಯಾರ ಫೋನ್ ಬಂದರೂ ಎತ್ತಬಾರದು, ಅವಳು ಮಾಡಿದರೆ ಮಾತ್ರ ಎತ್ತಲೇಬೇಕು. ಕೊನೆಗೆ ತನ್ನ ಹಳೆಯ ಹಸಿರು ದುಪಟ್ಟಾ ತಂದು ಕೈಗಿತ್ತು, ಒಂದು ತುದಿಯನ್ನು ಮಗಳ ಸೊಂಟಕ್ಕೂ ಇನ್ನೊಂದನ್ನು ನಿಮ್ಮ ಸೊಂಟಕ್ಕೂ ಕಟ್ಟಿಕೊಳ್ಳಿ ಎಂದಳು. ತಮಾಷೆಗೆ ಹೇಳಿದ್ದಲ್ಲ.

ಸೊಹೇಲ್ ನಗಲಿಲ್ಲ. ಶಿವಮೊಗ್ಗದಲ್ಲಿ ಬೈಕ್ ಗ್ಯಾರೇಜು ಇಟ್ಟುಕೊಂಡಿದ್ದರೂ ಅವನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಹೊಳೆಯ ಪಕ್ಕದ ಕೇರಿಯಲ್ಲಿ. ಆ ನೀರಿನಿಂದ ಹುಡುಗರ ಹೆಣ ಎತ್ತಿದ್ದನ್ನು ಕಣ್ಣಾರೆ ಕಂಡವನು. ಮಗಳಿಗೇನಾದರೂ ಆದರೆ ತಾನು ಬದುಕಿರುವುದಿಲ್ಲ ಎಂದು ಒಳಗೊಳಗೇ ಅಂದುಕೊಂಡು, ದುಪಟ್ಟಾವನ್ನು ಮಡಚಿ ಬೈಕಿನ ಡಿಕ್ಕಿಯಲ್ಲಿಟ್ಟುಕೊಂಡ. ನೌರೀನಳಿಗೆ ಗಿರಾಕಿಯೊಬ್ಬರ ಮದುವೆಯ ಬಟ್ಟೆ ಹೊಲಿದುಕೊಡುವ ಅವಸರ, ಅವಳು ಬರುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಭದ್ರಾವತಿಗೆ ಬಂದರು. ಸೊಹೇಲನ ತಾಯಿ ರೋಶನ್ ಬೀ ಮೊಮ್ಮಗಳಿಗೆ ಚಹಾದಲ್ಲಿ ರಸ್ಕ್ ಅದ್ದಿ ತಿನ್ನಿಸಿ, ಎಣ್ಣೆ ಕಾಯಿಸಿಡುತ್ತೇನೆ, ಮೀನು ತರದೆ ಬಂದರೆ ಒಳಗೆ ಸೇರಿಸುವುದಿಲ್ಲ ಎಂದು ರೇಗಿಸಿ ಕಳಿಸಿದಳು. ಹಿತ್ತಿಲ ಬಚ್ಚಲ ಮೋರಿಯ ಹತ್ತಿರ ಎರೆಹುಳು ಅಗೆದದ್ದು ಶಿರೀನಳೇ. ಅಸಹ್ಯಪಡುತ್ತಾಳೆಂದು ಅಪ್ಪ ಎಣಿಸಿದ್ದರೆ ಅವಳು ಹುಳುಗಳಿಗೆಲ್ಲ ಶಾಲೆಯ ಗೆಳತಿಯರ ಹೆಸರಿಟ್ಟಿದ್ದಳು.

ದಂಡೆಯಲ್ಲಿ ಹುಲಿಯಪ್ಪ ಆಗಲೇ ಬಂದು ತನ್ನ ಕಲ್ಲಿನ ಮೇಲೆ ಕೂತಿದ್ದ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಮನೆಗಿಂತ ಹೊಳೆಯ ದಂಡೆಯಲ್ಲೇ ಹೆಚ್ಚು ಸಿಗುವ ಮನುಷ್ಯ. ಸೊಹೇಲ್ ಚಡ್ಡಿ ಹಾಕುತ್ತಿದ್ದ ಕಾಲದಿಂದ ಬಲ್ಲವನು. ಅಪ್ಪ ಮಗಳಿಬ್ಬರನ್ನೂ ಕಟ್ಟಿದ್ದ ದುಪಟ್ಟಾ ನೋಡಿ, ಇದೇನು ಮಾರಾಯ, ಎತ್ತು ಕರು ಜೊತೆಗೆ ಹೂಡಿದ್ದೀಯ ಎಂದು ಹೊಟ್ಟೆ ಕುಣಿಸಿ ನಕ್ಕ. ನಗಲಿ ಬಿಡು ಎಂದು ಸೊಹೇಲ್ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ. ಮಗಳನ್ನು ನೀರಿನಿಂದ ಸಾಕಷ್ಟು ಹಿಂದೆ, ಒಣ ಮರಳಿನ ಮೇಲೆ ನಿಲ್ಲಿಸಿದ. ಆದರೂ ಅವನ ಕಣ್ಣು ಒಂದು ಗಳಿಗೆಯೂ ನೀರನ್ನು ಬಿಟ್ಟಿರಲಿಲ್ಲ. ಸೆಳವು ಹೆಚ್ಚಿತೇ, ಕಲ್ಲಿನ ಅಂಚು ಮುಳುಗಿತೇ ಎಂದು ನೋಡಿದ್ದೇ ನೋಡಿದ್ದು.

ಸಣ್ಣ ಜಿಲೇಬಿ ಮೀನುಗಳು ದಂಡಿಯಾಗಿ ಬಂದಿದ್ದವು. ಬೆಂಡು ಮುಳುಗುವುದು, ಎಳೆಯುವುದು, ಮತ್ತೆ ಹುಳು ಪೋಣಿಸುವುದು. ಈ ಕೆಲಸಕ್ಕೆ ದೇವರು ಕೊಟ್ಟ ಎರಡು ಕೈ ಸಾಲುವುದಿಲ್ಲ. ಒಂದರಲ್ಲಿ ಗಾಳ, ಇನ್ನೊಂದರಲ್ಲಿ ಹುಳು. ಆಗ ತಾನೇ ಬಿಡಿಸಿದ ಮೀನನ್ನು ಎಲ್ಲಿಡಬೇಕು? ಬಕೆಟ್ಟಿನವರೆಗೆ ಹೋಗಿ ಬರುವಷ್ಟರಲ್ಲಿ ಮೀನಿನ ಹಿಂಡು ಮುಂದೆ ಹೋಗಿರುತ್ತದೆ. ಅದಕ್ಕೇ ಈ ದಂಡೆಯವರು ಮೀನಿನ ತಲೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಎರಡೂ ಕೈಯಿಂದ ಹುಳು ಪೋಣಿಸಿ, ಗಾಳ ಎಸೆದ ಮೇಲೆ ಮೀನನ್ನು ತೆಗೆದು ಬಕೆಟ್ಟಿಗೆ ಹಾಕುತ್ತಾರೆ. ಸೊಹೇಲನಿಗೆ ಇದನ್ನು ಅವನ ಅಪ್ಪ ಅಬ್ಬಾಸ್ ಅಲಿ ಕಲಿಸಿದ್ದೇನೂ ಅಲ್ಲ. ನೋಡಿ ನೋಡಿ ಬಂದದ್ದು.

ಅಪ್ಪನ ತುಟಿಯ ನಡುವಿನಿಂದ ಬಾಲ ಅಲ್ಲಾಡುವುದನ್ನು ಮೊದಲ ಸಲ ಕಂಡಾಗ ಶಿರೀನ್ ಬಿದ್ದು ಬಿದ್ದು ನಕ್ಕಳು. ಮೇಲಿನ ಎರಡು ಮುಂದಿನ ಹಲ್ಲು ಬಿದ್ದು ಬಾಗಿಲು ತೆರೆದಿಟ್ಟಂತಿದ್ದ ಬಾಯಿ ಅವಳದು. ಅವಳು ನಕ್ಕಳೆಂದು ಸೊಹೇಲ್ ಹುಬ್ಬು ಕುಣಿಸಿ, ಮೀನನ್ನು ಬೀಡಿಯ ಹಾಗೆ ಬಾಯಿಯ ಆ ಕಡೆಯಿಂದ ಈ ಕಡೆಗೆ ತಿರುಗಿಸಿ ತೋರಿಸಿದ. ಮಗಳ ಮುಂದೆ ಹೀರೋ ಆಗುವುದೆಂದರೆ ಯಾವ ಅಪ್ಪನಿಗೂ ಇಷ್ಟವೇ.

ಆಮೇಲೆ ಅವಳದೇ ಗಾಳಕ್ಕೆ ಮೀನು ಬಿತ್ತು. ನಡುಬೆರಳಿನಷ್ಟುದ್ದದ ಜಿಲೇಬಿ. ಅವನು ಬಿಡಿಸಿ ಕೊಟ್ಟ. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು, ಯಾರೂ ಮುಟ್ಟಬಾರದು, ಮುಂದಿನ ಹುಳುವನ್ನು ನಾನೇ ಪೋಣಿಸುತ್ತೇನೆ ಎಂದಳು. ಅಷ್ಟರಲ್ಲಿ ಅವನ ಬೆಂಡು ಮುಳುಗಿತು. ಅವನು ಆ ಕಡೆ ತಿರುಗಿದ.

ಸೊಂಟದಲ್ಲಿ ದುಪಟ್ಟಾ ಜಗ್ಗಿತು.

ಸೊಹೇಲನ ಜೀವ ಬಾಯಿಗೆ ಬಂತು. ಗಾಳದ ಕೋಲು ಬಿಸಾಡಿ ಅವನು ಮೊದಲು ನೋಡಿದ್ದು ನೀರನ್ನೇ. ನೀರು ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಶಿರೀನ್ ಅವನು ನಿಲ್ಲಿಸಿದ್ದ ಜಾಗದಲ್ಲೇ, ಒಣ ಮರಳಿನ ಮೇಲೆ, ಎರಡೂ ಕೈಯಲ್ಲಿ ಕತ್ತು ಹಿಡಿದು ನಿಂತಿದ್ದಳು. ಕಾಲ ಬಳಿ ಅವಳ ಗಾಳ, ಗಾಳದ ಮೊನೆಯಲ್ಲಿ ಅರ್ಧ ಪೋಣಿಸಿದ ಹುಳು. ಕೈಯಲ್ಲಿ ಮೀನಿರಲಿಲ್ಲ. ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ.

ಹಲ್ಲಿಲ್ಲದ ಸಂದಿಯಲ್ಲಿ ಮೀನು ಒಳಗೆ ಜಾರಿತ್ತು. ನಾಲಿಗೆಯ ಹಿಂದೆ ಬಾಲವೊಂದು ಪಟಪಟನೆ ಬಡಿಯುತ್ತಿರುವುದು ಕಂಡಿತು. ಅವನು ಬೆರಳು ಹಾಕಿ ಹಿಡಿದ, ಜಾರಿತು. ಹಸಿರು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಮತ್ತೆ ಹಿಡಿದ. ಅಷ್ಟರಲ್ಲಿ ಹುಲಿಯಪ್ಪ ಓಡಿ ಬಂದು, ಎಳಿ ಎಳಿ ಎಂದು ಬಡಬಡಿಸಿದ. ಸೊಹೇಲ್ ಎಳೆದ. ಮೀನು ಬರಲಿಲ್ಲ, ಮಗಳ ತುಟಿಯ ಅಂಚಿಗೆ ರಕ್ತ ಬಂತು. ಇಡೀ ಮೈ ಸೆಟೆದು ಅವಳು ಅವನ ತೋಳನ್ನು ಪರಚಿದಳು.

ಆಗ ಅವನಿಗೆ ಹೊಳೆಯಿತು. ಜಿಲೇಬಿಯ ಬೆನ್ನ ಮೇಲೆ ಮುಳ್ಳಿನ ಸಾಲು. ತಲೆಯ ಕಡೆಯಿಂದ ಸವರಿದರೆ ಮಲಗುತ್ತದೆ, ಬಾಲದ ಕಡೆಯಿಂದ ಸವರಿದರೆ ಎದ್ದು ನಿಲ್ಲುತ್ತದೆ. ತಲೆ ಮುಂದಾಗಿ ಒಳಗೆ ಹೋದ ಮೀನನ್ನು ಬಾಲ ಹಿಡಿದು ಎಳೆದರೆ ಆ ಮುಳ್ಳೆಲ್ಲ ಗಂಟಲಿಗೆ ನಾಟುತ್ತದೆ. ಬಿಟ್ಟರೆ ಜೀವವಿರುವ ಮೀನು, ಇನ್ನೂ ಒಳಕ್ಕೆ ನುಗ್ಗುತ್ತದೆ. ಎಳೆಯುವ ಹಾಗಿಲ್ಲ, ಬಿಡುವ ಹಾಗಿಲ್ಲ. ಕಿವಿಯನ್ನು ಅವಳ ಬಾಯಿಗೆ ಕೊಟ್ಟ. ಮೀನಿನ ಪಕ್ಕದ ಸಂದಿಯಿಂದ ಸಣ್ಣಗೆ ಸೀಟಿ ಹೊಡೆದಂತೆ ಉಸಿರು ಹೋಗಿ ಬರುತ್ತಿತ್ತು.

"ಎಳೆಯಲ್ಲ ಹುಲಿಯಪ್ಪಣ್ಣ. ಗಾಡಿ ತೆಗಿ, ಆಸ್ಪತ್ರೆಗೆ ಹೋಗಾಣ," ಎಂದ.

ಹುಲಿಯಪ್ಪನ ಹಳೆಯ ಮೊಪೆಡ್ಡಿನ ಹಿಂದೆ ಸೊಹೇಲ್ ಕೂತ. ಮಗಳನ್ನು ತೊಡೆಯ ಮೇಲೆ ಮುಂದಕ್ಕೆ ಬಾಗಿಸಿ, ಎಡಗೈಯಿಂದ ಅವಳ ಹಣೆ ಆತುಕೊಂಡ. ಬಲಗೈಯ ಎರಡು ಬೆರಳು ಅವಳ ಬಾಯೊಳಗೆ ಬಾಲವನ್ನು ಹಿಡಿದಿದ್ದವು, ಎಳೆಯದೆ, ಬಿಡದೆ. ಗ್ಯಾರೇಜಿನಲ್ಲಿ ದಿನವಿಡೀ ಸ್ಪ್ಯಾನರ್ ತಿರುಗಿಸುವ ಬೆರಳುಗಳಿಗೆ ಅಷ್ಟು ಸಣ್ಣದನ್ನು ಹಿಡಿದು ಅಭ್ಯಾಸವಿರಲಿಲ್ಲ. ಮೀನು ಒದ್ದಾಡಿದಾಗೆಲ್ಲ ಮಗಳು ಅವನ ಬೆರಳನ್ನು ದವಡೆಯಿಂದ ಕಚ್ಚುತ್ತಿದ್ದಳು. ಮೂಳೆ ಮುರಿಯಿತೇನೋ ಅನ್ನುವ ಹಾಗೆ ನೋಯುತ್ತಿತ್ತು. ಅವನಿಗೆ ಆ ನೋವೇ ಧೈರ್ಯ.

ಸೇತುವೆಯ ಮೇಲೆ ಮರಳಿನ ಟ್ರ್ಯಾಕ್ಟರ್ ಒಂದು ಕೆಟ್ಟು ನಿಂತಿತ್ತು. ಎರಡೂ ಕಡೆ ವಾಹನ ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಹುಲಿಯಪ್ಪ ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ ಜನರ ನಡುವೆ ನುಗ್ಗಿಸಿದ. ಕಾರಿನವನೊಬ್ಬ ಕಿಟಕಿಯಿಂದ ನೋಡಿ, ಮಗುವಿನ ಬಾಯಿಗೆ ಕೈ ಹಾಕಿ ಏನು ಮಾಡುತ್ತಿದ್ದೀಯ ಎಂದು ಗದರಿದ. ಉತ್ತರ ಕೊಡುವ ಪುರುಸೊತ್ತು ಯಾರಿಗಿತ್ತು? ಹಾರ್ನಿನ ಗಲಾಟೆಯಲ್ಲಿ ಆ ಸಣ್ಣ ಸೀಟಿ ಕೇಳಿಸದೆ ಹೋಯಿತು. ಇನ್ನು ಮಗಳ ಉಸಿರಿಗೆ ಅವನ ಬಳಿ ಇದ್ದ ಗುರುತು ಆ ಕಚ್ಚುವಿಕೆ ಒಂದೇ. ಅದು ನಿಧಾನವಾಗಿ ಸಡಿಲವಾಗತೊಡಗಿತು.

"ಕಚ್ಚು ಬೇಟಾ," ಎಂದು ಅವನು ಅವಳ ಕಿವಿಯಲ್ಲಿ ಹೇಳಿದ. "ಇನ್ನೂ ಗಟ್ಟಿ ಕಚ್ಚು. ನನಗೇನೂ ನೋಯಲ್ಲ."

ದವಡೆ ಅಲುಗಲಿಲ್ಲ. ಅವನು ಮತ್ತೆ ಹೇಳಿದ, ಬೇಡಿಕೊಂಡ, ಅಲ್ಲಾಹನನ್ನು ಕರೆದ. ಸೇತುವೆ ದಾಟಿ ಇಳಿಯುವಾಗ ಮೊಪೆಡ್ ಗುಂಡಿಗೆ ಬಿದ್ದು ಎದ್ದಿತು, ಶಿರೀನ್ ಅವನ ಬೆರಳನ್ನು ಕಚ್ಚಿದಳು. ಅಷ್ಟು ಹಿತವಾದ ನೋವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಆಸ್ಪತ್ರೆಯ ತುರ್ತು ಕೋಣೆಯಲ್ಲಿದ್ದ ಹುಡುಗಿ ಡಾಕ್ಟರ್ ಒಂದೇ ನೋಟಕ್ಕೆ, ನೀವು ಬಿಡಬೇಡಿ, ಹಾಗೇ ಹಿಡಿದಿರಿ ಎಂದಳು. ಇಬ್ಬರ ನಡುವಿನ ದುಪಟ್ಟಾವನ್ನು ನರ್ಸ್ ಕತ್ತರಿಸಿದಳು. ಮಗುವನ್ನು ಮಲಗಿಸಿ, ಸೂಜಿ ಚುಚ್ಚಿ, ಬೆಳಕು ಬಿಟ್ಟು ಮುಳ್ಳುಗಳನ್ನು ಒಂದೊಂದಾಗಿ ಕತ್ತರಿಸಿದ ಮೇಲೆ ಚಿಮುಟದಿಂದ ಮೀನನ್ನು ಹೊರತೆಗೆದು ಟ್ರೇಯ ಮೇಲಿಟ್ಟರು, ಬಾಲ ಇನ್ನೂ ಅವನ ಬೆರಳಲ್ಲೇ ಇತ್ತು. ಇನ್ನು ಬಿಡಬಹುದು ಎಂದು ಡಾಕ್ಟರ್ ಹೇಳಿದರೂ ಅವನ ಬೆರಳು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಮಗು ಕೆಮ್ಮಿತು, ಆಮೇಲೆ ದೊಡ್ಡದಾಗಿ ಉಸಿರೆಳೆದುಕೊಂಡಿತು. ಹೊರಗೆ ಹುಲಿಯಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಗಂಟಲಿಗೆ ಗಾಯವಾಗಿದೆ, ಎರಡು ದಿನ ಒಂದು ಮಾತೂ ಆಡಿಸಬೇಡಿ ಎಂದರು. ಇದು ಹೇಗಾಯಿತು ಎಂದು ನರ್ಸ್ ಕೇಳಿದಾಗ ಸೊಹೇಲ್, ಆಟ ಆಡುತ್ತ ಬಾಯಿಗೆ ಹಾಕಿಕೊಂಡಳು ಎಂದುಬಿಟ್ಟ. ಎಚ್ಚರವಾಗಿ ಮಲಗಿದ್ದ ಶಿರೀನ್ ಅವನನ್ನೇ ನೋಡಿದಳು. ಅವನಿಗೆ ನಾಚಿಕೆಯಾಯಿತು, ಆದರೂ ಮಾತು ತಿದ್ದಿಕೊಳ್ಳಲಿಲ್ಲ.

ಫೋನಿನಲ್ಲಿ ಸುದ್ದಿ ತಿಳಿದು ನೌರೀನ್ ಶಿವಮೊಗ್ಗದಿಂದ ಆಟೋ ಹಿಡಿದು ಬಂದವಳು, ಬಾಗಿಲಲ್ಲೇ ನರ್ಸ್ ಬಾಯಿಂದ ಎಲ್ಲ ಕೇಳಿಕೊಂಡೇ ಒಳಗೆ ಬಂದಳು. ಅಪ್ಪನ ತೊಡೆಯ ಮೇಲೆ ಕೂತಿದ್ದ ಮಗಳ ಕೆನ್ನೆ, ಕತ್ತು, ಎದೆ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಭಯ ಇಳಿದ ಮೇಲೆ ಸಿಟ್ಟು ಬಂತು, ಮಗಳ ಮೇಲೆ. ಜೀವವಿರುವ ಮೀನನ್ನು ಯಾರಾದರೂ ಬಾಯಿಗೆ ಹಾಕಿಕೊಳ್ಳುತ್ತಾರಾ, ನಿನಗೆ ಅಷ್ಟೂ ಬುದ್ಧಿ ಬೇಡವಾ ಎಂದು ಬೈದಳು. ಶಿರೀನ್ ತಲೆ ತಗ್ಗಿಸಿ ಹೌದೆನ್ನುವಂತೆ ಆಡಿಸಿದಳು.

ಸೊಹೇಲನಿಗೆ ಅದನ್ನು ನೋಡಲಾಗಲಿಲ್ಲ. ಅವನು ಹೇಳಲು ಹೋದ. ಅಷ್ಟರಲ್ಲಿ ಮಗಳು ತಟ್ಟನೆ ತನ್ನ ಪುಟ್ಟ ಅಂಗೈಯಿಂದ ಅವನ ಬಾಯಿ ಮುಚ್ಚಿದಳು. ಅಮ್ಮನ ಬೈಗುಳ ಅಪ್ಪನಿಗೆ ತಗುಲದಂತೆ ಅಡ್ಡ ಹಿಡಿದಿದ್ದಳು.

ಅವನು ಆ ಕೈಯನ್ನು ಮೆಲ್ಲಗೆ ತೆಗೆದ.

"ಅವಳ ತಪ್ಪಿಲ್ಲ ನೌರೀನ್. ಮೀನನ್ನ ಹಲ್ಲಲ್ಲಿ ಹಿಡಿಯೋದು ನಾನು. ನಗ್ತಾಳೆ ಅಂತ ಬೇಕಂತ್ಲೇ ಮಾಡಿ ತೋರಿಸ್ದೆ. ನೋಡಿದ್ದನ್ನ ಮಾಡಿದ್ಳು, ಅಷ್ಟೆ. ಅವಳಿಗೆ ಮುಂದಿನ ಹಲ್ಲಿಲ್ಲ ಅನ್ನೋದೂ ನನಗೆ ಹೊಳೀಲಿಲ್ಲ."

ಒಮ್ಮೆ ಬಾಯಿ ಬಿಟ್ಟವನಿಗೆ ನಿಲ್ಲಿಸಲಾಗಲಿಲ್ಲ. ನೀರನ್ನೇ ಕಾಯುತ್ತ ನಿಂತೆ, ನರ್ಸಿಗೆ ಸುಳ್ಳು ಹೇಳಿದೆ, ಇನ್ನು ಗಾಳ ಮುಟ್ಟಿದರೆ ಕೇಳು ಎಂದು ಒಂದರ ಮೇಲೊಂದು ಹೇಳುತ್ತಲೇ ಹೋದ. ಹೇಳುತ್ತ ಹೇಳುತ್ತ ಅಳು ಬಂತು. ನೌರೀನ್ ಮಗಳನ್ನು ಅವನ ತೊಡೆಯಿಂದ ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡು, ಆ ಪುಟ್ಟ ಬಾಯಿಯನ್ನು ತನ್ನ ಕಿವಿಯ ಹತ್ತಿರಕ್ಕೆ ಒತ್ತಿಕೊಂಡಳು. ಅವನ ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ.

"ಸ್ವಲ್ಪ ಸುಮ್ನಿರಿ," ಎಂದಳು. "ಇವಳು ಉಸಿರಾಡೋದು ಕೇಳಿಸ್ಕೋಬೇಕು ನಾನು."

ಅವನು ಸುಮ್ಮನಾದ, ತಾನೂ ಕೇಳಿಸಿಕೊಳ್ಳುತ್ತ ಕೂತ.