ಮೆಟ್ಟಿಲು ಹತ್ತಿ ಬಂದವರು

ಹಲಗೆ ಕಿರ್ರೆನ್ನುತ್ತಿದೆ, ಬಂದರು, ಇದು ನಮ್ಮ ಓಣಿಯ ಚಪ್ಪಲಿಯ ಸದ್ದಲ್ಲ, ಎತ್ತರದ ಹಿಮ್ಮಡಿಯ ಟಕಟಕ, ಇನಿಗೊನ ತಾಯಿಯೇ ಮುಂದೆ ಹತ್ತುತ್ತಿರಬೇಕು, ಹಲಗೆಗಳ ಸಂದಿಯಲ್ಲಿ ಆ ಹಿಮ್ಮಡಿ ಸಿಕ್ಕಿಕೊಳ್ಳದಿರಲಿ ದೇವರೇ, ಸಂದಿಯಲ್ಲಿ ಕೆಳಗಿನ ಕಾಲುವೆಯ ಕಪ್ಪು ನೀರು ಕಾಣುತ್ತದೆ, ಮೂಗು ಮುಚ್ಚಿಕೊಳ್ಳದಿರಲಿ, ಮುಚ್ಚಿಕೊಂಡರೂ ಅಮ್ಮ ನೋಡದಿರಲಿ — ಹೋಟೆಲಿನಲ್ಲಿ ಮಾಡೋಣ ಎಂದು ಎಷ್ಟು ಸಲ ಹೇಳಿದ್ದೆ, ಮಕಾತಿಯಲ್ಲಿ ನಮ್ಮ ಆಫೀಸಿನ ಹತ್ತಿರವೇ ಒಂದಿದೆ, ತಣ್ಣಗಿನ ಗಾಳಿ, ದುಂಡು ಮೇಜು, ದುಂಡು ಮೇಜಿನಲ್ಲಿ ಯಾರು ಮೇಲೆ ಯಾರು ಕೆಳಗೆ ಎಂದು ಗೊತ್ತಾಗುವುದಿಲ್ಲ, ಅಮ್ಮ ಒಗೆಯುತ್ತಿದ್ದ ಯಾರದೋ ಮನೆಯ ಬೆಡ್‌ಶೀಟಿನಿಂದ ತಲೆಯನ್ನೇ ಎತ್ತಲಿಲ್ಲ, ಹೆಣ್ಣು ಕೇಳೋಕೆ ಬರೋರು ಹೆಣ್ಣಿನ ಮನೆ ಮೆಟ್ಟಿಲು ಹತ್ತಬೇಕು ಕಣೇ, ನಿಮ್ಮಪ್ಪನೂ ಹತ್ತಿದ್ದ, ನಿಮ್ಮ ತಾತನೂ ಹತ್ತಿದ್ದ, ಇವರ ಕಾಲೇನು ಬೆಣ್ಣೇಲಿ ಮಾಡಿದ್ದಾ. ಅಮ್ಮನದು ತಪ್ಪಲ್ಲ, ಸಂಪ್ರದಾಯ ಹಾಗೇ ಇದೆ, ಇನಿಗೊನೂ ಅದನ್ನೇ ಹೇಳಿದ, ನಾವೇ ಬರ್ತೀವಿ ಬಿಡು, ಅದರಲ್ಲೇನಿದೆ ಎಂದ, ಅವನಿಗೆ ಯಾವುದರಲ್ಲೂ ಏನೂ ಇರುವುದಿಲ್ಲ, ನನಗೆ ಎಲ್ಲದರಲ್ಲೂ ಇರುತ್ತದೆ, ಬೆಳಗಿನಿಂದ ಲೋಟಗಳನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದ್ದೇನೆ, ಸಂಜೆ ಕಾಲೇಜಿನಲ್ಲಿ ಉತ್ತರ ಬರೆದು ಅದನ್ನೇ ಮತ್ತೆ ಮತ್ತೆ ಓದುತ್ತಾ ಕೂರುತ್ತಿದ್ದೆನಲ್ಲ, ಹಗಲೆಲ್ಲ ಅಂಗಡಿಯಲ್ಲಿ ನಿಂತು ಊದಿದ ಕಾಲನ್ನು ಬೆಂಚಿನ ಕೆಳಗೆ ಚಪ್ಪಲಿಯಿಂದ ಬಿಡಿಸಿಕೊಂಡು, ಎಲ್ಲೋ ತಪ್ಪಿದೆ, ಎಲ್ಲೋ ತಪ್ಪಿದೆ ಎಂದುಕೊಳ್ಳುತ್ತಾ — ಎದುರುಮನೆಯ ಆಲಿಂಗ್ ಬೇಬಾಂಗ್ ಕಿಟಕಿಯಲ್ಲೇ ನೇತಾಡುತ್ತಿದ್ದಾಳೆ, ಏ ಜೊವೆಲಿನ್, ನಿಮ್ ಬೀಗರ ಕಾರು ಓಣಿಯೊಳಗೆ ಹಿಡಿಸ್ತಿಲ್ವಂತೆ, ಹೊಟ್ಟೆ ಒಳಗೆಳ್ಕೊಂಡು ಬಾ ಅನ್ನು, ಮಕ್ಕಳೆಲ್ಲ ನಗುತ್ತಿವೆ, ಸುಮ್ನಿರು ಮಾರಾಯ್ತಿ, ಇವತ್ತೊಂದು ದಿನ ಸುಮ್ನಿರು.

ಮೊದಲು ಇನಿಗೊನ ತಾಯಿ, ಮುತ್ತಿನ ಸರ, ಬೆವರೇ ಇಲ್ಲದ ಮುಖ, ಹಿಂದೆ ಅವನ ತಂದೆ ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ಳುತ್ತಾ, ಆಮೇಲೆ ಇನಿಗೊ, ಬಾಗಿಲ ಮೇಲಿನ ತೊಲೆಗೆ ತಲೆ ಬಡಿಸಿಕೊಂಡು ನಗುತ್ತಾ, ಕೈಯಲ್ಲಿ ದೊಡ್ಡ ಮುಚ್ಚಿದ ಪಾತ್ರೆ, ಕಡೆಯಲ್ಲಿ ಯಾಯಾ ಟಿನಾಯ್, ಅವಳನ್ನೂ ಕರೆತಂದಿದ್ದಾರೆ, ಇನಿಗೊನನ್ನು ಎತ್ತಿ ಆಡಿಸಿ ಸಾಕಿದ ಕೆಲಸದಾಕೆ, ಪಾತ್ರೆ ಹೊತ್ತು ತರಲೆಂದೇ ಬಂದವಳು, ಮೆಟ್ಟಿಲಲ್ಲಿ ಅವಳು ತಡವರಿಸಿದ್ದು ಕಂಡು ಇನಿಗೊ ಪಾತ್ರೆ ಕಸಿದುಕೊಂಡಿರಬೇಕು, ಅದಕ್ಕೇ ಬರಿಗೈಯಲ್ಲಿ ನಿಂತಿದ್ದಾಳೆ, ಬಿಳಿಗೂದಲಿನ ತುರುಬು, ಚರ್ಚಿಗೆ ಉಡುವ ಕಂದು ಬಣ್ಣದ ಉಡುಪು, ಕಿವಿಯಲ್ಲಿ ಏನೋ ಹೊಳೆಯುತ್ತಿದೆ — ಇನಿಗೊನ ತಾಯಿ ಕೆನ್ನೆಗೆ ಕೆನ್ನೆ ತಾಗಿಸಲು ಮುಂದೆ ಬಾಗಿದರು, ಅಮ್ಮ ಅವರನ್ನು ದಾಟಿ ಹೋದಳು, ದಾಟಿಯೇ ಹೋದಳು, ಬಂದವರಲ್ಲಿ ಹಿರಿಯರು ಯಾರೋ ಅವರಿಗೆ ಮೊದಲು, ನನಗೂ ನಡೆಯಲು ಬಂದಾಗಿನಿಂದ ಹೇಳಿಕೊಟ್ಟದ್ದು ಅದನ್ನೇ, ಯಾಯಾ ಟಿನಾಯ್‌ಳ ಕೈ ಹಿಡಿದು ಹಣೆಗೆ ಒತ್ತಿಕೊಂಡಳು, ಆಶೀರ್ವಾದ ಮಾಡಿ ಲೋಲಾ, ಇಷ್ಟು ವಯಸ್ಸಾಗಿದ್ರೂ ನಮ್ಮನೆ ಮೆಟ್ಲು ಹತ್ತಿ ಬಂದ್ರಲ್ಲ, ನಮ್ಮ ಪುಣ್ಯ. ಲೋಲಾ, ಅಜ್ಜಿ, ಎನ್ನುತ್ತಿದ್ದಾಳೆ, ಅವರ ಮನೆಯ ಹಿರಿಯಜ್ಜಿಯೆಂದೇ ತಿಳಿದುಕೊಂಡಿದ್ದಾಳೆ, ಅಮ್ಮ ಆ ಮನೆಯನ್ನು ನೋಡಿಯೇ ಇಲ್ಲ, ನೋಡಿದವಳು ನಾನೊಬ್ಬಳೇ, ಈಗ ಕೈಹಿಡಿದು ನಡೆಸುತ್ತಿದ್ದಾಳೆ, ಕ್ಷೌರದಂಗಡಿಯ ಓಸಿಂಗ್ ಮಾಮನನ್ನು ಕಾಡಿ ಬೇಡಿ ತಂದ ಬೆತ್ತದ ಕುರ್ಚಿಯ ಕಡೆಗೆ, ಮನೆಯಲ್ಲಿ ಕೈಗಳಿರುವ ಕುರ್ಚಿ ಅದೊಂದೇ, ಉಳಿದವೆಲ್ಲ ಕೆಂಪು ಪ್ಲಾಸ್ಟಿಕ್ ಸ್ಟೂಲುಗಳು, ಅದು ಇನಿಗೊನ ತಾಯಿಗೆಂದು ಇಟ್ಟದ್ದು, ಪೌಡರಿನ ವಾಸನೆ ಹೋಗಲೆಂದು ನಾನೇ ನಿಂಬೆ ಸಿಪ್ಪೆಯಲ್ಲಿ ಉಜ್ಜಿದ್ದು, ಕೂರಿಸಿಯೇ ಬಿಟ್ಟಳು.

ಹೇಳಬೇಕು, ಈಗಲೇ ಹೇಳಬೇಕು, ತಡವಾದಷ್ಟೂ ಕಷ್ಟ, ಆದರೆ ಏನೆಂದು ಹೇಳಲಿ, ಅಮ್ಮ, ಅವರು ಕೆಲಸದವರು, ಈ ಮನೆಯಲ್ಲಿ ನಿಂತುಕೊಂಡು, ಬೇರೆಯವರ ಬಟ್ಟೆಯ ಸೋಪಿನಲ್ಲಿ ಬೆರಳು ಬೆಳ್ಳಗಾದ ಅಮ್ಮನಿಗೆ, ಆ ಮಾತನ್ನು ನನ್ನ ಬಾಯಿಂದ — ನಮಗೆ ಮೇಲು ಕೀಳು ಅಂತೆಲ್ಲ ಏನೂ ಇಲ್ಲಮ್ಮ, ದುಡಿದು ತಿನ್ನೋದು ದೊಡ್ಡದು, ಎಂದಿದ್ದರು ಇನಿಗೊನ ತಾಯಿ ನಾನು ಮೊದಲ ಸಲ ಅವರ ಮನೆಗೆ ಹೋದಾಗ, ನಗುತ್ತಲೇ ಎಂದಿದ್ದರು, ನಗುತ್ತಲೇ ನನ್ನ ಬೆರಳುಗಳನ್ನು ನೋಡಿದ್ದರು, ಒಳ್ಳೆಯವರೇ ಇರಬಹುದು, ನಾನೇ ಎಲ್ಲದರಲ್ಲೂ ಕೊಂಕು ಹುಡುಕುತ್ತೇನೋ ಏನೋ. ಈಗ ನಗುತ್ತಿಲ್ಲ. ಟಿನಾಯ್, ಪಾತ್ರೆ ಬಿಚ್ಚಿ ಬಡಿಸು, ಸಾಕು ಕೂತಿದ್ದು. ಟಿನಾಯ್ ಅರ್ಧ ಎದ್ದಳು, ಅಮ್ಮ ಅವಳ ಭುಜದ ಮೇಲೆ ಕೈಯಿಟ್ಟು ಒತ್ತಿದಳು, ಕೂತ್ಕೊಳ್ಳಿ ಲೋಲಾ, ಬಡಿಸೋಕೆ ನಾವಿಲ್ವಾ, ನಮ್ಮನೆಗೆ ಬಂದು ನೀವು ಕೈ ಕೊಳೆ ಮಾಡ್ಕೊಳ್ಳೋದಾ — ಆ ದನಿ ಅಮ್ಮನಿಗೆ ಗೊತ್ತಿಲ್ಲದ ದನಿಯಲ್ಲ, ಸಾಕು ಕೂತಿದ್ದು, ಎಷ್ಟು ಮನೆಗಳಲ್ಲಿ ಕೇಳಿಲ್ಲ ಅವಳು, ಗೊತ್ತಾಗಿರಬೇಕು, ಗೊತ್ತಾಗಿಯೇ ಇನ್ನಷ್ಟು ಒತ್ತಿದಳೋ, ಮುಖ ನೋಡಿದರೆ ತಿಳಿಯುವುದಿಲ್ಲ, ಅಮ್ಮನ ಮುಖ ಎಂದಿಗೂ ತಿಳಿಯುವುದಿಲ್ಲ, ಚಿಕ್ಕವಳಿದ್ದಾಗ ಅವಳ ಜೊತೆ ಹೋಗುತ್ತಿದ್ದೆ, ದೊಡ್ಡ ಮನೆಗಳ ಹಿತ್ತಲಿಗೆ, ನಲ್ಲಿಯ ಹತ್ತಿರ ಒದ್ದೆ ಸಿಮೆಂಟಿನ ಮೇಲೆ ಕುಕ್ಕರಗಾಲಲ್ಲಿ ಕೂತು ಅನ್ನ ತಿನ್ನುತ್ತಿದ್ದಳು, ಹಿತ್ತಿಲ ಬಾಗಿಲಿನಿಂದ ಊಟದ ಮನೆ ಕಾಣುತ್ತಿತ್ತು, ಖಾಲಿ ಕುರ್ಚಿಗಳು ಸಾಲಾಗಿ, ಅಮ್ಮ ಅಲ್ಲಿ ಕೂತ್ಕೋ, ಯಾರೂ ಇಲ್ಲ, ಎಂದೆ ಒಂದು ದಿನ, ಬಾಯ್ಮುಚ್ಚು ಎಂದಳು, ಅವಳು ಕೂತದ್ದನ್ನು ಒಂದು ಸಲ, ಒಂದೇ ಒಂದು ಸಲ ನೋಡಬೇಕಿತ್ತು ನನಗೆ, ಅದಕ್ಕೇ ಓದಿದ್ದು ನಾನು, ಅದಕ್ಕೇ ಇರಬೇಕು, ನಾನೂ ಕೂತು, ಪಕ್ಕದ ಕುರ್ಚಿ ಎಳೆದು, ಬಾ ಅಮ್ಮ ಎನ್ನಬೇಕೆಂದು. ಜೊವೆಲಿನ್, ನಿಮ್ಮಮ್ಮಂಗೆ ನೀನೇ ಹೇಳಮ್ಮ, ಎನ್ನುತ್ತಿದ್ದಾರೆ ಇನಿಗೊನ ತಾಯಿ, ಇನ್ನೂ ನಿಂತೇ ಇದ್ದಾರೆ, ಇನಿಗೊ ಪಾತ್ರೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಾನೆ, ಏನಾದರೂ ಮಾಡು ಎನ್ನುವ ಕಣ್ಣು, ಯಾಕೆ, ನೀನೇ ಮಾಡು, ನಿನ್ನನ್ನು ಸಾಕಿದವಳು — ಬೇಕು ನನಗೆ, ಅವನು ಬೇಕು, ಕಿಟಕಿ ತೆರೆದರೆ ಮರ ಕಾಣುವ ಅವನ ಮನೆಯ ಆ ಕೋಣೆ ಬೇಕು, ಬೇಡವೆಂದರೆ ಸುಳ್ಳು, ಎರಡು ಮಾತು ಹೇಳಿದರೆ ಎಲ್ಲವೂ ಸರಿಹೋಗುತ್ತದೆ, ಒಬ್ಬಳು ಏಳುತ್ತಾಳೆ, ಇನ್ನೊಬ್ಬರು ಕೂರುತ್ತಾರೆ, ಅಮ್ಮ ಎಂದೆ, ಎಲ್ಲರೂ ನೋಡಿದರು, ಅಮ್ಮ, ಲೋಲಾಗೆ ಮೊದ್ಲು ನೀನ್ ಮಾಡಿರೋ ಪನ್ಸಿತ್ ಹಾಕು, ಶಾವಿಗೆ ಆರಿದ್ರೆ ಗಂಟು ಕಟ್ಟುತ್ತೆ. ನನ್ನ ದನಿಯೇ ಅದು, ವರ್ಷಗಟ್ಟಲೆ ತಿದ್ದಿ ತೀಡಿದ ಆಫೀಸಿನ ದನಿಯಲ್ಲ, ಓಣಿಯದು, ಬೇಬಾಂಗ್ ಕಿಟಕಿಯಿಂದ ಕೂಗುವಾಗಿನದು. ಇನಿಗೊನ ತಂದೆ ಆಗಲೇ ಸ್ಟೂಲಿನಲ್ಲಿ ಕೂತು ತಟ್ಟೆಗೆ ಕೈಚಾಚಿದ್ದಾರೆ, ತಾಯಿ ಕೂರಲಿಲ್ಲ, ಕೈಚೀಲ ಎದೆಗೆ ಹಿಡಿದು ಬಾಗಿಲ ಕಡೆ ನೋಡುತ್ತಿದ್ದಾರೆ, ಹೆಣ್ಣು ಕೇಳುವ ಮಾತನ್ನು ಇನ್ನೂ ಯಾರೂ ಎತ್ತಿಲ್ಲ, ಎತ್ತುತ್ತಾರೋ ಇಲ್ಲವೋ, ಎತ್ತದೆ ಇಳಿದು ಹೋಗುತ್ತಾರೋ, ಅಮ್ಮ ಬಡಿಸಿ ಮುಗಿಸಿ, ಆರಾಮಾಗಿ ಒರಗಿಕೊಳ್ಳಿ ಲೋಲಾ, ಎನ್ನುತ್ತಾಳೆ, ಟಿನಾಯ್ ಹೂಂ ಎಂದು ತಲೆಯಾಡಿಸುತ್ತಾಳೆ, ಒರಗುವುದಿಲ್ಲ, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕುರ್ಚಿಯ ಅಂಚಿನಲ್ಲೇ ನೆಟ್ಟಗೆ, ಅವರ ಮನೆಯ ಸೋಫಾದ ಮೇಲೆ ನಾನು ಕೂರುವುದೂ ಹೀಗೇ ಅಲ್ಲವೇ, ಬೆನ್ನು ತಾಗಿದರೆ ಯಾರೋ ಎಬ್ಬಿಸಿಬಿಡುತ್ತಾರೆ ಎನ್ನುವ ಹಾಗೆ, ಒರಗಿ ಲೋಲಾ, ಒಂದು ಸಲ, ನನಗೋಸ್ಕರ, ಅವಳ ಬೆನ್ನಿಗೂ ಬೆತ್ತಕ್ಕೂ ನಡುವೆ ಒಂದು ಅಂಗೈ ಹಿಡಿಸುವಷ್ಟು ಜಾಗ, ಕಿಟಕಿಯ ಬಿಸಿಲು ಅದರೊಳಗೆ ಬಿದ್ದಿದೆ, ಒರಗಿ, ಬೆನ್ನಿಗೂ ಬೆತ್ತಕ್ಕೂ ನಡುವೆ, ಆ ಜಾಗ, ಬಿಸಿಲು, ಆ ಜಾಗ